ಕೆಂಪು ಗೀಟು ಬಿದ್ದ ಚೀಟಿ

ಸುದ್ದಿ ಬಂದದ್ದು ಬೆಳಗಿನ ಚಹಾದ ಹೊತ್ತಿಗೆ. ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯ ಸಂಪಾದಕರು ಫೋನ್ ಕೆಳಗಿಟ್ಟು, "ಚೀಟಿ ಮೇಷ್ಟ್ರು ಹೋಗ್ಬಿಟ್ರಂತೆ. ನಿದ್ದೆಯಲ್ಲೇ. ಅವರ ತಂಗಿ ಫೋನ್ ಮಾಡಿದ್ದು" ಎಂದರು. ಅಷ್ಟು ಹೇಳಿ, ಕೈಯಲ್ಲಿದ್ದ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವ ಮುಂಚೆ ಬಾಯಿಗೆ ಹಾಕಿಕೊಂಡರು.

ಮೇಷ್ಟ್ರ ಎದುರು ಮೇಜಿನ ಕೆಂಪಿಂಕು ಹೇಸಿ ಮುಖ ತಿರುಗಿಸಿದಳು. ಇಪ್ಪತ್ತು ವರ್ಷ ಪಾಠ ಹೇಳಿ, ಈಗ ಇಲ್ಲಿ ಬೇರೆಯವರು ಬರೆದದ್ದನ್ನು ಕೆಂಪು ಇಂಕಿನಲ್ಲಿ ತಿದ್ದುವ ಆಕೆಗೆ ಆ ಅಡ್ಡಹೆಸರು ಇಟ್ಟವರು ಮೇಷ್ಟ್ರೇ.

"ಪಾಪ, ಒಳ್ಳೆಯವರು." ಸಂಪಾದಕರು ಮೀಸೆ ಒರೆಸಿಕೊಂಡರು. "ಆದ್ರೆ ಮೇಡಂ, 'ಕೀಪ್' ಪದದ ಚೀಟಿಗಳು ಅವರ ಡ್ರಾಯರಿನಲ್ಲೇ ಇವೆ. ಮಧ್ಯಾಹ್ನ ಪ್ರೆಸ್ಸಿಗೆ ಹೋಗ್ಬೇಕು. ನೀವೇ ನೋಡ್ಬಿಡಿ. ಗೀಟು ಹೊಡೆದಿರೋದನ್ನೆಲ್ಲ ಕಸದ ಬುಟ್ಟಿಗೆ ಹಾಕಿ."

"ದೇಹ ಇನ್ನೂ ಮನೇಲಿದೆ ಸಾರ್."

"ಅದಕ್ಕೇ ಹೇಳಿದ್ದು. ಬೇಗ ಮುಗಿಸಿದ್ರೆ ಎಲ್ಲರೂ ಹೋಗಿ ಬರಬಹುದು."

ಥೂ, ಎಂದುಕೊಂಡಳು ಆಕೆ. ಅದು ಮೇಷ್ಟ್ರಿಗೆ ಮೀಸಲಾಗಿದ್ದ ಮಾತು.

ಆ ಕಚೇರಿಯಲ್ಲಿ ಇಂಗ್ಲಿಷ್ ಪದದ ಒಂದೊಂದು ಅರ್ಥಕ್ಕೂ ಒಂದೊಂದು ಚೀಟಿ. ಮೇಷ್ಟ್ರು ಅರ್ಥ, ವಿರುದ್ಧಪದ, ಒಂದು ಉದಾಹರಣೆ ವಾಕ್ಯ ಬರೆದು ಎದುರಿನ ಮೇಜಿಗೆ ದಾಟಿಸಬೇಕು. ಆಕೆ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಬೇಕು, ಇಲ್ಲವೇ ಅಡ್ಡಗೀಟು ಎಳೆಯಬೇಕು. ದಾಟಿಸುವ ಮುನ್ನ ಮೇಷ್ಟ್ರು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಚೀಟಿಗಳನ್ನು ಒಂದೊಂದಾಗಿ ತಿರುವುತ್ತಿದ್ದರು.

"ಥೂ! ನಿಮ್ಮ ಎಂಜಲನ್ನ ನಾನು ಮುಟ್ಟಬೇಕಾ?"

"ಎಂಜಲಲ್ಲ ಮೇಡಂ, ಪಾಂಡಿತ್ಯ ಒಸರ್ತಿರೋದು."

"ಹಾಗಾದ್ರೆ ಆ ಪಾಂಡಿತ್ಯಾನ ಕರ್ಚೀಫಿನಲ್ಲಿ ಒರೆಸ್ಕೊಳ್ಳಿ."

ಅವರು ನಕ್ಕರೆ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಅದರ ಮೇಲಿಂದ ಹಾಯ್ದು ಬರುವ ಆ ನೋಟಕ್ಕೆ ಆಕೆಯ ಕಿವಿ ಬಿಸಿಯಾಗುತ್ತಿತ್ತು. ಇಲ್ಲದ ತಪ್ಪನ್ನು ಹುಡುಕುತ್ತ ಚೀಟಿಯ ಮೇಲೆ ಬಗ್ಗಿಬಿಡುತ್ತಿದ್ದಳು.

ಒಮ್ಮೆ ಪುಟ್ಟ ಡಬ್ಬಿಯಲ್ಲಿ ಒದ್ದೆ ಸ್ಪಂಜು ತಂದು ಅವರ ಮೇಜಿನ ಮೇಲೆ ಕುಕ್ಕಿದಳು. ಅವರು ಅದನ್ನು ಡ್ರಾಯರಿನೊಳಗೆ ಜೋಪಾನವಾಗಿಟ್ಟರು. ಬೆರಳು ಮಾತ್ರ ನಾಲಿಗೆಗೇ ಹೋಯಿತು.

"ಬಳಸಲ್ಲ ಅಂದ್ರೆ ವಾಪಸ್ ಕೊಡಿ."

"ನೀವು ಕೊಟ್ಟಿದ್ದು. ಹೇಗೆ ಕೊಡ್ಲಿ?"

ನಿನ್ನೆ ಮಧ್ಯಾಹ್ನ 'ಕೀಪ್' ಚೀಟಿಗಳು ಬಂದವು. ಮಾತು ಉಳಿಸಿಕೊಳ್ಳು, ಅದಕ್ಕೆ ವಿರುದ್ಧ, ಮಾತು ತಪ್ಪು. ಗುಟ್ಟು ಕಾಪಾಡು, ವಿರುದ್ಧ, ಬಯಲು ಮಾಡು. ಕೋಳಿ ಸಾಕು, ಕೆಡದೆ ಉಳಿ, ಬಿಡದೆ ಮುಂದುವರಿಸು. ಒಂದೇ ಪದದ ಹೊಟ್ಟೆಯಲ್ಲಿ ಎಷ್ಟೊಂದು! ಆಕೆ ಸರಸರನೆ ಸರಿ ಗುರುತು ಹಾಕುತ್ತ ಹೋದಳು. ಹನ್ನೊಂದನೆಯ ಅರ್ಥ, 'ಕೀಪ್ ಕಂಪನಿ' ಎಂಬಲ್ಲಿರುವಂತೆ, ಜೊತೆಗಿರು. ಉದಾಹರಣೆ: "ನನಗೀಗ ಐವತ್ತೆಂಟು. ಉಳಿದ ದಿನಗಳಿಗೆ ಕೆಂಪಿಂಕು ನನ್ನ ಜೊತೆಗಿರುವಳೇ?"

ಆ ಚೀಟಿಯ ಮೂಲೆಯಲ್ಲೂ ಹೆಬ್ಬೆರಳಿನ ಒದ್ದೆ ಗುರುತಿತ್ತು. ನಾಚಿಕೆಯೋ ಹೆದರಿಕೆಯೋ, ಆಕೆಯ ಬಾಯಿಂದ ಹೊರಟದ್ದು ಮಾತ್ರ "ಥೂ." ಅಡ್ಡಗೀಟು ಎಳೆದು, "ಉದಾಹರಣೆ ಸರಿಯಿಲ್ಲ" ಎಂದು ಬರೆದು ತಳ್ಳಿದಳು.

"ಬದಲಿಸ್ತೀನಿ ಮೇಡಂ" ಎಂದರು ಮೇಷ್ಟ್ರು. ಕನ್ನಡಕ ಜಾರಲಿಲ್ಲ.

ಸಂಜೆ ಮನೆಯಲ್ಲಿ ಅಕ್ಕ ಎಲ್ಲ ಕೇಳಿ ಹಣೆ ಚಚ್ಚಿಕೊಂಡಿದ್ದಳು. "ಹೂಂ ಅನ್ನೋಕೆ ನಿಂಗೆ ಇನ್ನೆಷ್ಟು ಚೀಟಿ ಬೇಕೇ?"

"ನಾಳೆ ಅಂತೀನಿ ಬಿಡಕ್ಕ."

ಆ ನಾಳೆ ಈಗ ಬಂದಿತ್ತು. ಸಂಪಾದಕರ ಬಿಸ್ಕತ್ತು ಮೆಲ್ಲುವ ಬಾಯಿಗಿಂತ ತನ್ನ ಬಾಯಿಯ ಮೇಲೆಯೇ ಆಕೆಗೆ ಹೆಚ್ಚು ಹೇಸಿಗೆಯಾಯಿತು. ಬದುಕಿದ್ದ ಒಬ್ಬ ಮನುಷ್ಯನಲ್ಲಿ ತನಗೆ ಕಂಡದ್ದು ಒಂದು ಹನಿ ಎಂಜಲು ಮಾತ್ರವೇ?

ಮೇಷ್ಟ್ರ ಡ್ರಾಯರ್ ಎಳೆದಳು. ಮುಂದೆಯೇ ಆ ಡಬ್ಬಿ. ಬೆರಳಿಂದ ಒತ್ತಿದಳು. ಸ್ಪಂಜು ಒದ್ದೆಯಾಗಿತ್ತು! ನಿನ್ನೆ ತಾನು ಹೊರಟ ಮೇಲೆ ಮೇಷ್ಟ್ರು ನೀರು ಹಾಕಿದ್ದರು.

ಅದರ ಪಕ್ಕದಲ್ಲಿ ಗೀಟು ಬಿದ್ದ ಚೀಟಿ, ಅದಕ್ಕೆ ಗುಂಡುಸೂಜಿಯಲ್ಲಿ ಚುಚ್ಚಿದ ಹೊಸ ಚೀಟಿ. ಜೊತೆಗಿರು, ವಿರುದ್ಧ, ಬಿಟ್ಟುಹೋಗು. ಉದಾಹರಣೆ: "ಅವನು ಬೆರಳು ನೆಕ್ಕುವುದನ್ನು ಇಂದಿನಿಂದ ಬಿಟ್ಟಿದ್ದಾನೆ. ಇನ್ನಾದರೂ ಆಕೆ ಜೊತೆಗಿರಬಹುದು."

ಮೂಲೆಯಲ್ಲಿ ಯಾವ ಗುರುತೂ ಇರಲಿಲ್ಲ. ಅಷ್ಟು ಶುಭ್ರವಾದ ಮೂಲೆಯನ್ನು ಆಕೆ ಮೇಷ್ಟ್ರ ಚೀಟಿಯಲ್ಲಿ ಎಂದೂ ಕಂಡಿರಲಿಲ್ಲ.

"ಮುಗೀತಾ ಮೇಡಂ? ಕೊಡಿ, ಹೊಡೆದಿರೋದನ್ನ ನಾನೇ ಬುಟ್ಟಿಗೆ ಹಾಕ್ತೀನಿ." ಸಂಪಾದಕರು ಕೈ ಚಾಚಿದರು.

"ಮುಟ್ಟಬೇಡಿ. ನಿಮ್ಮ ಕೈ ಎಂಜಲಾಗಿದೆ."

ಅವರು ಗಾಬರಿಯಾಗಿ ಕೈ ನೋಡಿಕೊಂಡು ನಲ್ಲಿಯ ಕಡೆ ಹೋದರು.

ಆಕೆ ಕೆಂಪು ಪೆನ್ನು ತೆಗೆದು ಹೊಸ ಚೀಟಿಗೆ ಸರಿ ಗುರುತು ಹಾಕಿದಳು. ಪ್ರೆಸ್ಸಿಗೆ ಬೇರೊಂದು ಉದಾಹರಣೆ ಬರೆದರಾಯಿತು. ಈ ಎರಡು ಚೀಟಿ ಎಲ್ಲಿಗೂ ಹೋಗುವುದಿಲ್ಲ. ಆಮೇಲೆ ತನ್ನ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಆ ಬರಿದಾದ ಮೂಲೆಯ ಮೇಲೆ ಮೆಲ್ಲಗೆ ಒತ್ತಿದಳು.

ಒದ್ದೆ ಗುರುತು ಅರಳಿ, ನೋಡನೋಡುತ್ತ ಆರತೊಡಗಿತು. ಆಕೆ ಕಣ್ಣು ಮುಚ್ಚಿ ಕೈಮುಗಿದಳು.

ಭಗವಂತ, ಹೂಂ ಅನ್ನುವುದಕ್ಕೆ ನಾನು ಒಂದು ದಿನ ತಡಮಾಡಿದೆ. ನೀನು ತಡಮಾಡಬೇಡ. ನಾನು ಥೂ ಎಂದು ದೂರ ತಳ್ಳಿದ ಆ ಒಳ್ಳೆಯ ಜೀವವನ್ನು ನಿನ್ನ ಹತ್ತಿರ ಕರೆದುಕೋ, ಅದಕ್ಕೆ ಶಾಂತಿ ಕೊಡು. ನಾನು ಬರುವವರೆಗೆ ನೀನೇ ಅವರ ಜೊತೆಗಿರು.