ಕೆಂಚೀರ ಕೇಳದೆ ಬಿಟ್ಟ ಹೆಸರು

ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲ ಅದು. ಆಗ ಜೇನುಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಕೆಂಚೀರ ಅನ್ನುವವನು ವಾದ್ಯಗಳಿಗೆ ತಂತಿ ಕಟ್ಟಿ ಬದುಕುತ್ತಿದ್ದ. ಅರಮನೆಯ ವೀಣೆಯೂ ಅವನ ಕೈಗೇ, ಬೀದಿಯ ಏಕತಾರಿಯೂ ಅವನ ಕೈಗೇ. ಹೊಸ ತಂತಿಯ ಮೇಲಿನ ಮೊದಲ ಹಾಡನ್ನು, ಆ ತಂತಿ ಕಟ್ಟಿದವನೇ ಕೂತು ಕೇಳಬೇಕು, ಇಲ್ಲದಿದ್ದರೆ ತಂತಿ ನಿಲ್ಲುವುದಿಲ್ಲ ಅನ್ನುವುದು ಅವರ ಕಸುಬಿನ ಕಟ್ಟಳೆ. ಹಾಗಾಗಿ ಊರಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳದ ಹಾಡುಗಳೆಲ್ಲ ಕೆಂಚೀರನಿಗೆ ಗೊತ್ತಿದ್ದವು. ಅವನ ಕಂಠ ಮಾತ್ರ, ಶಿವಶಿವಾ, ಒಡಕು ಮಡಕೆ!

ರಾಜಕುಮಾರಿ ಮಿಂಚುಳ್ಳಿ ದಿನಾ ಸಂಜೆ ಕೇಳುತ್ತಿದ್ದಳು: "ಇವತ್ತು ಯಾರ ಹಾಡು ಕೇಳಿದೆ, ಕೆಂಚೀರಣ್ಣ?"

"ಯಾರೋ ಒಬ್ಬ ಅಜ್ಜೀದು, ಅಮ್ಮಣ್ಣಿ" ಅನ್ನುತ್ತಿದ್ದ ಅವನು.

ಒಂದು ದಿನ ಗೂಢಕಂಠನೆಂಬ ಮಾಂತ್ರಿಕ ಮಿಂಚುಳ್ಳಿಯ ದನಿಯನ್ನೇ ಕದ್ದು, ಮಣ್ಣಿನ ಕುಡಿಕೆಯಲ್ಲಿ ತುಂಬಿಕೊಂಡು ಬೆಟ್ಟ ಹತ್ತಿದ. "ನನ್ನ ಮೂರು ಕಾವಲು ದಾಟಿ ಬನ್ನಿ. ಅವು ಎಂದೂ ಕೇಳದ ಹಾಡಿಗೆ ಮಾತ್ರ ದಾರಿ ಬಿಡುತ್ತವೆ. ಅಮಾವಾಸ್ಯೆ ಕಳೆದರೆ ದನಿ ಆರಿಹೋಗುತ್ತೆ!" ಎಂದು ನಕ್ಕ.

ಶಾಲು ಹೊದ್ದ ಆಸ್ಥಾನ ಗಾಯಕರು ಹೋದರು. ಮೊದಲ ಕಾವಲಿನ ಹುಲಿ ಬಾಯಿ ತುಂಬ ಆಕಳಿಸಿತು. "ಬೀದಿಬೀದೀಲೂ ಇದೇ ಹಾಡು. ನನಗೂ ಬರುತ್ತೆ, ಹೋಗ್ರಯ್ಯ" ಅಂದಿತು. ಅವರು ಶಾಲು ಬಿಟ್ಟು ಓಡಿದರು.

ಆಮೇಲೆ ಕೆಂಚೀರ ಹೊರಟ. ಒಡಕು ಗಂಟಲಲ್ಲೇ ಒಂದು ಹಾಡು ಹಾಡಿದ. ಹುಲಿಯ ಕಿವಿ ನಿಮಿರಿತು.

"ಯಾರ ಹಾಡಿದು?"

"ದೋಣಿ ನಡೆಸೋ ಗಿಡ್ಡಯ್ಯಂದು."

ಹುಲಿ ದಾರಿ ಬಿಟ್ಟಿತು. ಎರಡನೆಯ ಕಾವಲು ಏಳು ಹೆಡೆಯ ಹಾವು. ಇನ್ನೊಂದು ಹಾಡಿದ. "ಯಾರ ಹಾಡಿದು?" "ಸುಣ್ಣ ಸುಡೋ ಹೊನ್ನವ್ವಂದು." ಏಳು ಹೆಡೆಯೂ ಬಾಗಿದವು.

ಮೂರನೆಯದು ಕಲ್ಲಿನ ಬಾಗಿಲು. ಕೆಂಚೀರ ತನಗೆ ಎಲ್ಲಕ್ಕಿಂತ ಪ್ರಿಯವಾದ ಹಾಡನ್ನೇ ಎತ್ತಿಕೊಂಡ:

"ಹೆಣೆದ ಬುಟ್ಟೀಲಿ ನೀರು ನಿಲ್ಲಲಿಲ್ಲ,
ಸುರಿದ ದುಃಖ ಮಾತ್ರ ಸೋರಲಿಲ್ಲ..."

ಕಲ್ಲು ಬೆವರಿತು. "ಯಾರ ಹಾಡಿದು?"

ಕೆಂಚೀರ ನೆನಪು ಕೆದಕಿದ. ಬುಟ್ಟಿ ಹೆಣೆಯುವ ಆ ಅಜ್ಜಿಯ ಏಕತಾರಿಗೆ ಮೂರು ಸಲ ತಂತಿ ಕಟ್ಟಿದ್ದ, ಮೂರು ಸಲವೂ ಹಾಡು ಕೇಳಿ ಕಣ್ಣೊರೆಸಿಕೊಂಡಿದ್ದ. ಹೆಸರು ಮಾತ್ರ ಕೇಳಿರಲಿಲ್ಲ!

"ಹೆಸರು ತಾ" ಅಂದಿತು ಬಾಗಿಲು.

ಅಮಾವಾಸ್ಯೆಗೆ ಒಂದೇ ದಿನ. ಕೆಂಚೀರ ಎದ್ದೆನೋ ಬಿದ್ದೆನೋ ಅಂತ ಬೆಟ್ಟ ಇಳಿದ. ಅಜ್ಜಿ ಬಿದಿರು ಸೀಳುತ್ತಾ ಕೂತಿದ್ದಳು.

"ಅವ್ವಾ, ತಪ್ಪಾಯ್ತು. ನಿನ್ನ ಹೆಸರೇನು?"

ಅವಳ ಕೈ ನಿಂತಿತು. "ನಲವತ್ತು ವರ್ಷದಿಂದ ಹಾಡ್ತಿದೀನಿ ಮಗ. ಕೇಳಿದೋನು ನೀನೇ ಮೊದಲು. ದ್ಯಾಮವ್ವ ಅಂತಾರೆ."

"ಬಾರವ್ವ. ನನ್ನ ಒಡಕು ಗಂಟಲು ಬೇಡ, ನಿನ್ನ ಬಾಯಲ್ಲೇ ಆಗ್ಲಿ."

ಬಾಗಿಲ ಮುಂದೆ ದ್ಯಾಮವ್ವ ಏಕತಾರಿ ಮೀಟಿ ಹಾಡಿದಳು. ಗಾಳಿ ನಿಂತಿತು. ಹುಲಿ ಬಂದು ಕೂತಿತು, ಹಾವು ಬಂದು ಸುತ್ತಿಕೊಂಡಿತು. ಕೆಂಚೀರನ ಮೈ ಜುಮ್ಮೆಂದಿತು. ಅಬ್ಬಾ, ಇಂಥದ್ದು ಇಷ್ಟು ವರ್ಷ ಬಿದಿರು ಸಿಬಿರಿನ ನಡುವೆ ಕೂತಿತ್ತಲ್ಲ! ಕಲ್ಲಿನ ಬಾಗಿಲು ಬೆಣ್ಣೆಯಂತೆ ಕರಗಿತು. ಒಳಗಿದ್ದ ಗೂಢಕಂಠ ಕಿವಿ ಮುಚ್ಚಲು ಕೈ ಎತ್ತಿದ. ಆ ಕೈಗಳು ತಾವಾಗಿಯೇ ಜೋಡಿಕೊಂಡವು. ಕಂಕುಳಲ್ಲಿದ್ದ ಕುಡಿಕೆ ಜಾರಿ ಬಿದ್ದು ಒಡೆಯಿತು, ಮಿಂಚುಳ್ಳಿಯ ದನಿ ಅರಮನೆಯತ್ತ ಹಾರಿತು, ಮಾಂತ್ರಿಕನ ಮಂತ್ರವೆಲ್ಲ ಕುಡಿಕೆಯ ಜೊತೆಗೇ ಹೋಯಿತು. ಈಗ ಅವನು ದ್ಯಾಮವ್ವನಿಗೆ ಬಿದಿರು ಸೀಳಿಕೊಡುತ್ತಾ ನೆಟ್ಟಗೆ ಬದುಕುತ್ತಿದ್ದಾನಂತೆ. ಜೇನುಗಿರಿಯಲ್ಲೂ ಹೆಸರು ಹೇಳದೆ ಯಾರ ಹಾಡನ್ನೂ ಯಾರೂ ಹಾಡುವುದಿಲ್ಲವಂತೆ, ಎಲ್ಲರೂ ಸುಖವಾಗಿದ್ದಾರಂತೆ.

ಕುಡಿಕೆ ಒಡೆದ ದಿನದ ಸಂಜೆ ಕೆಂಚೀರ ಅರಮನೆಗೆ ಬಂದಾಗ ಮಿಂಚುಳ್ಳಿ ಹೆಬ್ಬಾಗಿಲಲ್ಲೇ ನಿಂತಿದ್ದಳು. ದನಿ ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದೇ ಹಳೆಯದು:

"ಇವತ್ತು ಯಾರ ಹಾಡು ಕೇಳಿದೆ, ಕೆಂಚೀರಣ್ಣ?"

ಕೆಂಚೀರ ಪಕ್ಕಕ್ಕೆ ಸರಿದು, ಹಿಂದೆ ನಿಂತಿದ್ದ ಅಜ್ಜಿಯ ಕೈ ಹಿಡಿದು ಮುಂದೆ ಕರೆತಂದ.

"ದ್ಯಾಮವ್ವಂದು, ಅಮ್ಮಣ್ಣಿ."