ಅಲ್ ಅಮೇರಾತಿನ ನವಿಲನ್ನು ಕೊಂದವರು

ನವಿಲು ಸತ್ತು ಬಿದ್ದದ್ದನ್ನು ಮೊದಲು ನೋಡಿದವನು ಈರಣ್ಣ. ಶನಿವಾರ ಬೆಳಿಗ್ಗೆ ಬಲೆಗೂಡಿನ ಬೀಗ ತೆಗೆದವನು ಅಲ್ಲೇ ಕುಕ್ಕರಿಸಿಬಿಟ್ಟ. ಗಂಡು ನವಿಲು ನೀರಿನ ಬೋಗುಣಿಯ ಪಕ್ಕ ಕತ್ತು ಚಾಚಿ ಬಿದ್ದಿತ್ತು. ಹೆಣ್ಣು ಮೂಲೆಯಲ್ಲಿ ತೂಕಡಿಸುತ್ತಿತ್ತು. ಗಾಯವಿಲ್ಲ, ರಕ್ತವಿಲ್ಲ. ಬಲೆ ಎಲ್ಲಿಯೂ ಹರಿದಿರಲಿಲ್ಲ. ಬೋಗುಣಿ ಮಾತ್ರ ಬರಿದಾಗಿತ್ತು.

ಕೊಲ್ಲಿ ದೇಶದ ಊರು ಅಲ್ ಅಮೇರಾತಿನ ಆ ವಿಲ್ಲಾ ಅಲ್ಲಿಯವನೇ ಆದ ಅರಬ ಇಸ್ಮಾಯಿಲ್‌ನದು. ಕೆಳಗೆ ಅವನ ಸಂಸಾರ. ಮೇಲೆ ಎರಡು ಬಾಡಿಗೆ ಮನೆ. ಒಂದರಲ್ಲಿ ಉಡುಪಿ ಕಡೆಯ ವಿಶಾಲ್, ಅವನ ತಾಯಿ ವಸಂತಿ. ಇನ್ನೊಂದರಲ್ಲಿ ಮಂಗಳೂರಿನ ಕ್ಲೇಟನ್. ತೋಟ, ಗೇಟು, ನವಿಲು ಎಲ್ಲವೂ ಕೊಪ್ಪಳದ ಈರಣ್ಣನ ಸುಪರ್ದಿಯಲ್ಲಿ. ಮೂರು ವರ್ಷವಾಗಿತ್ತು ಅವನು ಬಂದು.

ವಿಶಾಲ್ ವಿಮಾ ಕಂಪನಿಯೊಂದರ ಸರ್ವೇಯರ್. ಗುದ್ದಿದ ಕಾರು, ಸುಟ್ಟ ಅಂಗಡಿ ನೋಡಿ ಸುಳ್ಳು ಹೇಳುವವರನ್ನು ಹಿಡಿಯುವುದು ಅವನ ಹೊಟ್ಟೆಪಾಡು. ಇಸ್ಮಾಯಿಲ್ ಪೊಲೀಸರಿಗೆ ಫೋನ್ ಮಾಡಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ವಿಶಾಲ್‌ನನ್ನೇ ಕೂಗಿ ಕರೆದ. ಅವನ ಕಣ್ಣು ಕೆಂಪಾಗಿತ್ತು. ಮಾಡಿದವರು ಈ ಗೋಡೆಯೊಳಗೇ ಇದ್ದಾರೆ, ಹುಡುಕಿ ಕೊಡು ಎಂದ.

ವಿಶಾಲ್ ಸತ್ತ ಹಕ್ಕಿಯನ್ನು ನೋಡಿದ. ಇನ್ನು ಬೆಳಗಿನ ಜಾವ ಕೂಗಾಟವಿಲ್ಲ ಅಂದುಕೊಂಡ. ಒಳಗೊಳಗೇ ಹಾಯೆನಿಸಿತು. ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

*

ನವಿಲು ಸಾಕುವುದು ಯಜಮಾನನಿಗೆ ಚಂದ, ನೆರೆಯವರಿಗೆ ಕರ್ಮ. ಇಸ್ಮಾಯಿಲ್‌ನ ಪ್ರಕಾರ ನವಿಲು ಬಂದ ಮೇಲೆ ತೋಟದಲ್ಲಿ ಚೇಳು ಕಂಡದ್ದೇ ಇಲ್ಲ. ಮಕ್ಕಳು ಮೊಬೈಲು ಬಿಟ್ಟು ಹೊರಗೆ ಬರುತ್ತಿದ್ದರು. ವಸಂತಿಯಂತೂ ಸುಬ್ರಹ್ಮಣ್ಯ ಸ್ವಾಮಿಯ ವಾಹನವೆಂದು ದಿನಾ ಕೈಮುಗಿಯುತ್ತಿದ್ದರು. ಉದುರಿದ ಗರಿ ಒಂದೂ ನೆಲದಲ್ಲಿ ಉಳಿಯುತ್ತಿರಲಿಲ್ಲ.

ಉಳಿದವರ ಕಥೆ ಬೇರೆ. ಅದು ವಿಶಾಲ್‌ನ ಕುಂಡದ ಬಸಳೆಯನ್ನು ಬುಡಸಮೇತ ಮುಗಿಸಿತ್ತು. ಕ್ಲೇಟನ್‌ನ ಹೊಸ ಕಪ್ಪು ಕಾರಿನಲ್ಲಿ ತನ್ನದೇ ನೆರಳು ಕಂಡು ಇನ್ನೊಂದು ಗಂಡೆಂದು ಕುಕ್ಕಿ ಕುಕ್ಕಿ ಬಣ್ಣ ಎಬ್ಬಿಸಿತ್ತು. ಒಂದು ದಿನ ಇದರ ಕತ್ತು ತಿರುಚುತ್ತೇನೆ ಎಂದು ಕ್ಲೇಟನ್ ಎಲ್ಲರೆದುರೇ ಹೇಳಿದ್ದ.

ಹಾಗಾಗಿ ಮೊದಲ ಅನುಮಾನ ಅವನ ಮೇಲೆ. ಆದರೆ ಶುಕ್ರವಾರ ನಸುಕಿನಲ್ಲೇ ರುಸೈಲಿನ ಕಾರ್ಖಾನೆಗೆ ಹೋದವನು ಯಂತ್ರ ಕೆಟ್ಟು ಎರಡು ಪಾಳಿ ಸೇರಿಸಿ ದುಡಿದಿದ್ದ. ಆಗಷ್ಟೇ ಗೇಟಿನೊಳಗೆ ಬಂದಿದ್ದ. ಅವನು ಸತ್ತ ಹಕ್ಕಿಯ ಮುಂದೆ ನಿಂತು ಶಿಲುಬೆಯ ಗುರುತು ಮಾಡಿಕೊಂಡ.

"ಬಾಯಿಮಾತಿಗೆ ಹೇಳಿದ್ದು ಮಾರಾಯ," ಎಂದ. "ಈಗ ನನಗೇ ಒಂಥರಾ ಆಗ್ತಾ ಉಂಟು."

ಉಳಿದವನು ಈರಣ್ಣ. ಶುಕ್ರವಾರ ಅವನಿಗೆ ರಜೆ. ಅಂದು ಇಸ್ಮಾಯಿಲ್‌ನ ಮನೆಗೆ ನೆಂಟರು ಬರುತ್ತಾರೆ. ಅವರ ಕಾರುಗಳ ತಂಟೆಗೆ ಹೋಗದಿರಲೆಂದು ನವಿಲುಗಳನ್ನು ದಿನವಿಡೀ ಗೂಡಿನಲ್ಲೇ ಕೂಡಿಹಾಕುತ್ತಾರೆ. ಬೆಳಿಗ್ಗೆ ಕಾಳು ಹಾಕಿ, ಬೀಗ ಜಡಿದು ಈರಣ್ಣ ರೂವಿ ಪೇಟೆಗೆ ಹೋಗಿದ್ದ. ಅವನ ಕೋಣೆಯ ಕಿಟಕಿಯಲ್ಲಿ ವಿಶಾಲ್‌ಗೆ ಒಡೆದ ಇಲಿಪಾಷಾಣದ ಪಾಕೀಟು ಸಿಕ್ಕಿತು.

"ಸ್ಟೋರಿನ್ಯಾಗ ಇಲಿ ಅದಾವ್ರಿ ಸರ್. ಅಲ್ಲೇ ಇಟ್ಟೇನಿ. ಬೀಗ ಹಾಕಿದ ಖೋಲಿ ಅದು," ಎಂದ ಈರಣ್ಣ.

"ನಿನ್ನೆ ನವಿಲಿಗೆ ನೀರಿಟ್ಟದ್ದು ಯಾರು?"

ಈರಣ್ಣ ತಲೆ ತಗ್ಗಿಸಿದ. ಮೇಲಿನ ಬಾಲ್ಕನಿಯತ್ತ ಒಮ್ಮೆ ನೋಡಿ ಕಣ್ಣು ತಿರುಗಿಸಿದ.

"ನೀರು ಇತ್ರಿ."

ವಿಶಾಲ್ ಇಂಥ ಉತ್ತರಗಳನ್ನು ಬಹಳ ಕೇಳಿದ್ದ. ಇದು ಮುಚ್ಚಿಡುವವನ ಉತ್ತರ. ಸ್ಟೋರಿನ ಬಾಗಿಲು ತೆಗೆಸಿ ನೋಡುವ ಗೋಜಿಗೇ ಅವನು ಹೋಗಲಿಲ್ಲ. ಪಾಕೀಟನ್ನು ಇಸ್ಮಾಯಿಲ್‌ನ ಕೈಗಿಟ್ಟು ತನಗೆ ತೋಚಿದ್ದನ್ನು ಹೇಳಿದ. ಇಸ್ಮಾಯಿಲ್ ಪಾಕೀಟನ್ನು ತಿರುಗಿಸಿ ನೋಡಿದ. ಖಲಾಸ್, ಮುಗಿಯಿತು ಎಂದ. ಈರಣ್ಣನ ವೀಸಾ ರದ್ದು, ಸೋಮವಾರ ಊರಿಗೆ ವಿಮಾನ.

ಈರಣ್ಣನ ಮಗಳು ನೇತ್ರಾ ನರ್ಸಿಂಗ್ ಓದುತ್ತಿದ್ದಳು. ಓದು ಇನ್ನೂ ಒಂದು ವರ್ಷ ಬಾಕಿ ಇತ್ತು. ಅದು ವಿಶಾಲ್‌ಗೂ ಗೊತ್ತಿತ್ತು.

*

ಮಧ್ಯಾಹ್ನ ಪಶುವೈದ್ಯೆ ನುಸೈಬಾ ಬಂದರು, ಹೆಣ್ಣು ನವಿಲನ್ನು ನೋಡಲು. ಅದಕ್ಕೆ ಕಾಲು ನಿಲ್ಲುತ್ತಿರಲಿಲ್ಲ. ಆದರೂ ಈರಣ್ಣ ಇಟ್ಟ ನೀರನ್ನು ತಲೆಯೆತ್ತದೆ ಕುಡಿಯುತ್ತಿತ್ತು. ನೆಲದ ತುಂಬ ನೀರು ನೀರಾದ ಹಿಕ್ಕೆ.

ವೈದ್ಯೆ ಸತ್ತ ಹಕ್ಕಿಯ ಬಾಯಿ ಬಿಡಿಸಿ ನೋಡಿದರು. ಇದು ಇಲಿಪಾಷಾಣವಲ್ಲ ಎಂದರು. ಆ ಪಾಕೀಟಿನ ವಿಷಕ್ಕೆ ಕೊಲ್ಲಲು ಕೆಲವು ದಿನ ಬೇಕು, ಒಳಗೆ ರಕ್ತ ಸೋರುತ್ತದೆ. ಇಲ್ಲಿ ರಕ್ತದ ಸುಳಿವೇ ಇಲ್ಲ. ಆಮೇಲೆ ವಿಶಾಲ್‌ನನ್ನು ಒಂದು ಮಾತು ಕೇಳಿದರು. ಇವು ಉಪ್ಪೇನಾದರೂ ತಿಂದಿವೆಯೇ? ಮನುಷ್ಯರ ಹಾಗೆ ಉಪ್ಪನ್ನು ಹೊರಹಾಕುವ ಶಕ್ತಿ ಈ ಹಕ್ಕಿಗಳಿಗಿಲ್ಲ. ಹೆಚ್ಚಾದರೆ ದಾಹ, ಭೇದಿ, ಕಾಲು ಸೋಲುವುದು, ಸಾವು.

ನವಿಲಿಗೆ ಉಪ್ಪು ಹಾಕುವವರು ಯಾರು ಎಂದ ವಿಶಾಲ್. ಆದರೂ ಈಗ ಸ್ಟೋರಿನ ಬೀಗ ತೆಗೆಸಿದ. ಪಾಷಾಣದ ಉಂಡೆಗಳು ಗೋಡೆಯ ಅಂಚಿನಲ್ಲಿ ಈರಣ್ಣ ಹೇಳಿದ ಹಾಗೆಯೇ ಇದ್ದವು. ಪಕ್ಕದಲ್ಲಿ ಸತ್ತ ಇಲಿ.

*

ಮೇಲೆ ವಸಂತಿ ಊಟಕ್ಕೆ ಬಡಿಸಿ ಕಾಯುತ್ತಿದ್ದರು. ಅನ್ನ, ಸಾರು, ಸೊಳೆಯ ಪಲ್ಯ. ಊರಿನಿಂದ ಯಾರೋ ತಂದುಕೊಟ್ಟ ಉಪ್ಪು ಸೊಳೆ. ಹಲಸಿನ ತೊಳೆಗಳನ್ನು ಉಪ್ಪಿನಲ್ಲಿ ಹೂತು ತಿಂಗಳುಗಟ್ಟಲೆ ಇಟ್ಟದ್ದು. ಸೊಳೆ ತಿನ್ನಬೇಕೆಂದು ವಾರದಿಂದ ತಾಯಿಯ ಜೀವ ತಿಂದಿದ್ದವನು ವಿಶಾಲನೇ. ಇಂದು ತಾಯಿ ತಟ್ಟೆ ಮುಟ್ಟಿರಲಿಲ್ಲ. ನವಿಲಿಗೆಂದು ಬೆಳಗಿನಿಂದ ಅಳುತ್ತಿದ್ದರು.

ವಿಶಾಲ್ ಮೊದಲ ತುತ್ತು ಬಾಯಿಗಿಟ್ಟ. ಇನ್ನೂ ಉಪ್ಪಿತ್ತು. ಕೈ ಅಲ್ಲೇ ನಿಂತಿತು.

"ಅಮ್ಮ, ಸೊಳೆ ನೆನೆಸಿದ ನೀರು ಎಲ್ಲಿ ಚೆಲ್ಲಿದ್ದು?"

"ಚೆಲ್ಲುವುದು ಎಂತಕ್ಕೆ? ದುಡ್ಡು ಕೊಟ್ಟು ತರಿಸುವ ಟ್ಯಾಂಕರಿನ ನೀರು ಅದು. ನಿನ್ನೆ ಬೆಳಿಗ್ಗೆಯೇ ಕಲಗಚ್ಚಿನ ಬಾಲ್ದಿಗೆ ಹಾಕಿದೆ."

ವಿಶಾಲ್ ಬಾಲ್ಕನಿಗೆ ಹೋದ. ಅಕ್ಕಿ ತೊಳೆದ ನೀರು, ಗಂಜಿತಿಳಿ ಕೂಡಿಡುವ ಬಾಲ್ದಿ. ಊರಲ್ಲಿ ಅದು ಹಟ್ಟಿಯ ದನಕ್ಕೆ. ಇಲ್ಲಿ ದನವಿಲ್ಲ. ತಾಯಿ ಬಂದಂದಿನಿಂದ ಅದನ್ನು ನವಿಲಿಗೆ ಕೊಡುತ್ತಿದ್ದರು, ನವಿಲೂ ಕುಡಿದು ರೂಢಿಯಾಗಿತ್ತು. ಒಣಗಿದ ಬಾಲ್ದಿಯ ಒಳಗೆ ಬೆಳ್ಳಗೆ ಏನೋ ಕಟ್ಟಿಕೊಂಡಿತ್ತು. ಬೆರಳಿಗೆ ಹಚ್ಚಿ ನಾಲಿಗೆಗಿಟ್ಟ. ಬರೀ ಉಪ್ಪು.

"ಈರಣ್ಣ ನೀರು ನೋಡಿಕೊಳ್ಳಿ ಅಂತ ಹೇಳಿ ಹೋಗಿದ್ದ," ಎಂದರು ತಾಯಿ ಹಿಂದಿನಿಂದ. "ಬಲೆಯ ಸಂದಿಯಿಂದ ಬೋಗುಣಿಗೆ ಎರಡು ಸಲ ಹೊಯ್ದೆ. ಗಂಡು ಗಟಗಟ ಕುಡಿಯಿತು. ದನಕ್ಕೆ ನಾವೇ ಉಪ್ಪು ಹಾಕಿ ಕೊಡುವುದಲ್ವಾ, ಒಳ್ಳೇದು ಅಂತ."

ಹಕ್ಕಿಗೆ ಉಪ್ಪು ವಿಷವಂತೆ ಎಂದ ವಿಶಾಲ್. ಉಳಿದದ್ದು ಅವನ ಮುಖ ನೋಡಿಯೇ ವಸಂತಿಗೆ ತಿಳಿಯಿತು. ಗೋಡೆ ಹಿಡಿದು ಕುಳಿತರು.

"ನಾನಾ, ವಿಶಾಲ?"

ಗೊತ್ತಿಲ್ಲದೆ ಆದದ್ದು ಎಂದು ಅವನು ಸಮಾಧಾನ ಹೇಳಿದ. ಪಾಷಾಣವಲ್ಲವೆಂದು ಡಾಕ್ಟರೇ ಹೇಳಿದ್ದಾರೆ, ಈರಣ್ಣ ಉಳಿದುಕೊಳ್ಳುತ್ತಾನೆ, ನೀರು ಯಾರದೆಂದು ಯಾರೂ ಕೇಳುವುದಿಲ್ಲ, ಸುಮ್ಮನಿದ್ದರಾಯಿತು ಎಂದೂ ಹೇಳಿದ. ಹೇಳುವಾಗ ತನ್ನ ದನಿ ತಾನು ದಿನಾ ಹಿಡಿಯುವ ಜನರ ದನಿಯಂತೆಯೇ ಅವನಿಗೆ ಕೇಳಿಸಿತು.

ವಸಂತಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಮೆಟ್ಟಿಲಿಳಿದರು.

*

ಗೂಡಿನ ಮುಂದೆ ಎಲ್ಲರೂ ಇದ್ದರು. ವಸಂತಿ ಕನ್ನಡದಲ್ಲಿ ಹೇಳಿದರು, ವಿಶಾಲ್ ಇಸ್ಮಾಯಿಲ್‌ಗೆ ಹಿಂದಿಯಲ್ಲಿ ಬಿಡಿಸಿ ಹೇಳಿದ. ಶುಕ್ರವಾರ ಹಕ್ಕಿಗಳು ಹೊರಗೆ ಹೋಗಿ ಬೇರೆ ನೀರು ಕುಡಿಯುವಂತಿರಲಿಲ್ಲ. ಬೋಗುಣಿಯಲ್ಲಿದ್ದದ್ದು ಉಪ್ಪುನೀರು. ಕುಡಿದಷ್ಟೂ ದಾಹ, ದಾಹಕ್ಕೆ ಮತ್ತೆ ಅದೇ ನೀರು. ಗಂಡು ಬೋಗುಣಿಯನ್ನು ಬರಿದು ಮಾಡಿತು. ಹೆಣ್ಣಿಗೆ ಸಿಕ್ಕಿದ್ದು ಕಡಿಮೆ, ಹಾಗಾಗಿ ಬದುಕಿತು. ಎಲ್ಲರೂ ಬೈದ ಹಕ್ಕಿಯನ್ನು ಕೊಂದದ್ದು ಅದಕ್ಕೆ ಕೈಮುಗಿಯುತ್ತಿದ್ದವರು.

ಇಸ್ಮಾಯಿಲ್ ವಸಂತಿಯ ಕಡೆ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡ. ಅಳಬೇಡಿ ಅಮ್ಮಾ, ದೇವರ ಇಚ್ಛೆ ಎಂದ. ಈರಣ್ಣನ ಭುಜ ಹಿಡಿದು ಕ್ಷಮೆ ಕೇಳಿದ. ವಿಮಾನ ಬೇಡ, ಇಲ್ಲೇ ಇರು ಎಂದ.

ಈರಣ್ಣ ಒಪ್ಪಲಿಲ್ಲ. ವಾದಿ ಕಬೀರ್ ಬಡಾವಣೆಯ ಗ್ಯಾರೇಜೊಂದರಲ್ಲಿ ಊರಿನವರಿದ್ದಾರೆ, ವೀಸಾ ಬದಲಿಸಿ ಅಲ್ಲಿಗೆ ಬಿಟ್ಟುಕೊಡಿ ಅರಬಾಬ್ ಎಂದು ಯಜಮಾನನನ್ನು ಕೇಳಿಕೊಂಡ. ಆಮೇಲೆ ವಸಂತಿಯ ಕಾಲು ಮುಟ್ಟಿದ.

"ನೀರು ಅಮ್ಮ ಹಾಕಿದ್ದು ಅಂತ ಬೆಳಿಗ್ಗೇನೇ ಯಾಕೆ ಹೇಳಲಿಲ್ಲ ಈರಣ್ಣ?" ಕೇಳಿದ ವಿಶಾಲ್.

"ಹೇಳಿದ್ರ ಅಮ್ಮಾವ್ರ ಹೆಸರು ಎಲ್ಲಾರ ಬಾಯಾಗ ಬರ್ತಿತ್ರಿ. ಅವ್ರು ವಿಷ ಹಾಕೂ ಮಂದಿ ಅಲ್ಲ ಅಂತ ನನಗ ಗೊತ್ತಿತ್ತು."

ವಿಶಾಲ್ ತಪ್ಪಾಯಿತು ಎಂದ.

"ಅಮ್ಮಾವ್ರಿಗೆ ಗೊತ್ತಿರಲಿಲ್ರಿ ಸರ್," ಎಂದ ಈರಣ್ಣ ಮೆಲ್ಲಗೆ. "ನಿಮಗ ನಾನು ಮೂರು ವರ್ಷದಿಂದ ಗೊತ್ತಿದ್ದೆ."