ಎರಡು ಚಿಗರಿಗಳ ನಡುವಿನ ತೂತು

"ಇದನ್ನ ತುಂಬಿದವರು ಯಾರ್ರಿ?"

ಪಲ್ಲವಿ ಕೇಳಿದ್ದು ಮೆಲ್ಲಗೆ. ಆದರೂ ಮೂಲೆಯಲ್ಲಿ ಕೂತು ಮಡಕೆ ಚೂರು ತೊಳೆಯುತ್ತಿದ್ದ ಯಾಸೀನ ಬಕೆಟ್ ಎತ್ತಿಕೊಂಡು ಹಿತ್ತಲಿಗೆ ನಡೆದುಬಿಟ್ಟ. ಕನ್ನೊಳ್ಳಿ ದಿಬ್ಬದ ಉತ್ಖನನದಲ್ಲಿ ಸಿಕ್ಕದ್ದನ್ನೆಲ್ಲ ತಂದಿಡುವ ಸಿಂದಗಿಯ ಆ ಬಾಡಿಗೆ ಮನೆಯಲ್ಲಿ ಎಲ್ಲರಿಗೂ ಗೊತ್ತು: ಈ ಹುಡುಗಿ ಗೆಳೆಯರಿಗೆ ಬಹುವಚನ ಹಚ್ಚಿದಳೆಂದರೆ ಅಲ್ಲಿ ನಿಲ್ಲಬಾರದು.

ಗೊತ್ತಿಲ್ಲದವನು ಸಂಜೀವಕುಮಾರ ಒಬ್ಬನೇ. ನಿಡಗುಂದಿಯವನು. ಒಡೆದ ಮಡಕೆಗಳನ್ನು ಕೂಡಿಸಿ ಅಂಟಿಸುವುದು ಅವನ ಕೆಲಸ. ಕೂಡಿಸಿದ್ದನ್ನು ಅಳೆದು ವರದಿಗೆ ಚಿತ್ರ ಬರೆಯುವುದು ಪಲ್ಲವಿಯದು. ಅವನು ಕೈ ಒರೆಸಿಕೊಳ್ಳುತ್ತ, ಶಾಬಾಸ್‌ಗಿರಿಗೆ ಕಾಯುವವನ ಮುಖ ಹೊತ್ತು ಬಂದ.

"ನಾನ. ಚೊಲೊ ಕೂತೈತಲ್ಲ? ಎಲ್ಲಿ ತೂತಿತ್ತು ಅಂತ ಗೊತ್ತ ಆಗೂದಿಲ್ಲ."

ಅದೇ ಅವಳ ಮೈ ಉರಿಸಿದ್ದು. ಮೇಜಿನ ಮೇಲೆ ಕೆಂಪು ಬಟ್ಟಲು. ಅದರೊಳಗೆ ಎಂದೋ ಯಾರೋ ಕಪ್ಪು ಗೆರೆಯಲ್ಲಿ ಬರೆದ ಎರಡು ಚಿಗರಿಗಳು ಎದುರುಬದುರು ನಿಂತಿದ್ದವು. ನಿನ್ನೆಯವರೆಗೆ ಅವುಗಳ ಮೂತಿಗಳ ನಡುವೆ, ಬಟ್ಟಲಿನ ತಳಕ್ಕೆ, ಹೆಬ್ಬೆರಳು ತೂರುವಷ್ಟು ತೂತಿತ್ತು. ಈಗ ಅಲ್ಲಿ ಪ್ಲಾಸ್ಟರ್. ಪ್ಲಾಸ್ಟರ್ ಮೇಲೆ ಕೆಂಪು ಬಳಿದು, ಕಪ್ಪು ಗೆರೆ ಎಳೆದು, ಮಹಾರಾಯ ಎರಡೂ ಚಿಗರಿಗಳ ಮೂತಿಗೆ ಮೂತಿ ಹಚ್ಚಿದ್ದ.

"ಇವು ಮುಟ್ಟಿದ್ದುವು ಅಂತ ನಿಮಗ ಯಾರು ಹೇಳಿದ್ರು?"

"ಅಂದಾಜು... ಇಷ್ಟ ಹತ್ರ ಬಂದವು, ಮುಟ್ಟದ ಬಿಡ್ತಾವೇನು?" ಅವನು ಹುಬ್ಬು ಹಾರಿಸಿ ನಕ್ಕ. ಬೇರೆ ದಿನವಾಗಿದ್ದರೆ ಆ ಹುಬ್ಬಿಗೆ ಅವಳೂ ನಗುತ್ತಿದ್ದಳು.

ಅವಳು ಗೋಡೆಯತ್ತ ಬೆರಳು ಮಾಡಿದಳು. ಅಲ್ಲಿದ್ದ ಫೋಟೊಗಳನ್ನು ಅಂಟಿಸಿದವನು ಅವನೇ. ಅಮೆರಿಕದ ಮರುಭೂಮಿ ಸೀಮೆಯಲ್ಲಿ ಪ್ವೆಬ್ಲೊ ಜನರ ಹಳೆಯ ಊರುಗಳನ್ನು ಅಗೆದಾಗ ಸಿಕ್ಕ ಬಿಳಿ ಬಟ್ಟಲುಗಳು. ಒಳಗೆ ಕಪ್ಪು ಮೊಲ, ಕಪ್ಪು ಮೀನು, ತಳದಲ್ಲಿ ತೂತು. ಸತ್ತವರ ಮುಖದ ಮೇಲೆ ಬೋರಲು ಇಡುವ ಬಟ್ಟಲಿಗೆ ಅವರು ಬೇಕೆಂದೇ ತೂತು ಹೊಡೆಯುತ್ತಿದ್ದರಂತೆ. ಮಳೆಗೆ ಅಗೆತ ನಿಂತ ದಿನಗಳಲ್ಲಿ ಚಹಾ ಕುಡಿಯುತ್ತ ಇದನ್ನೆಲ್ಲ ಅವನೇ ಹೇಳಿದ್ದ. ಹೇಳುವಾಗ ಅವನ ಕಣ್ಣು ಹೊಳೆಯುತ್ತಿದ್ದ ಪರಿಗೆ ಅವಳು ಸೋತಿದ್ದೂ ನಿಜ. ಅದು ನೆನಪಾಗಿ ಸಿಟ್ಟು ಇನ್ನಷ್ಟು ಏರಿತು.

"ಅಲ್ಲಿಯವರ ತೂತು ಗೋಡೆ ಮ್ಯಾಲ ಹಚ್ಚಿ ಪೂಜೆ ಮಾಡ್ತೀರಿ. ನಮ್ಮ ನೆಲದ್ದು ಸಿಕ್ಕರ ಮುಚ್ಚತೀರಿ! ನಿನ್ನೆ ನಾ ಅಂಚು ನೋಡೇನ್ರಿ. ಒಳಗಿಂದ ಬೇಕಂತನ ಹೊಡದಾರ, ಹೊರಗ ಚಕ್ಕಿ ಎದ್ದೈತಿ. ನಮ್ಮ ಅಜ್ಜಿ ಶೆಟ್ಟೆವ್ವಾಯಿ ತೀರಿಕೊಂಡಾಗ ನಮ್ಮಪ್ಪ ಕೊಡ ಹೊತ್ತು ಚಿತಿ ಸುತ್ತಿದ. ಸುತ್ತಿಗೊಮ್ಮೆ ಕಾಕಾ ಕಲ್ಲಿಲೆ ಕೊಡಕ್ಕ ತೂತ ಹೊಡದ. ಆ ನೀರು ಸೋರೂದನ್ನ ದೂರ ನಿಂತು ನೋಡೇನಿ. ಇದೂ ಯಾರದೋ ಅಳು ಇರಬೇಕು. ಅದಕ್ಕ ಬಣ್ಣ ಬಳದೀರಲ್ರಿ!"

ಸಂಜೀವನ ನಗು ಇಳಿಯಿತು. "ಮಧ್ಯಾಹ್ನ ಮ್ಯೂಸಿಯಂ ಗಾಡಿ ಬರ್ತೈತಿ. ಅಷ್ಟರಾಗ ನೆಟ್ಟಗ ಕಾಣಲಿ ಅನಿಸ್ತು. ನಮ್ಮವ್ವ ತೂತ ಬಿದ್ದ ಭಾಂಡಿ ಮನ್ಯಾಗ ಇಡಗೊಡೂದಿಲ್ಲ. ನನ್ನ ಕೈಗೂ ಅದ ಚಾಳಿ."

"ನಿಮ್ಮವ್ವ! ಬರೋಬ್ಬರಿ ನೆನಪ ಮಾಡಿದ್ರಿ. ನಿನ್ನೆ ನಿಮ್ಮವ್ವ ಇಂದುಬಾಯಾರು ನಮ್ಮೂರು ಹಲಸಂಗಿಗೆ ಹೋಗಿದ್ರಂತ. ಹುಡುಗಿ ಒಪ್ಪ್ಯಾಳ ಅಂದ್ರಂತ. ನಮ್ಮವ್ವ ಓಣಿ ತುಂಬ ಸಕ್ರಿ ಹಂಚ್ಯಾಳ. ಮುಂಜಾನೆ ಫೋನ್ ಮಾಡಿ ಅಳಾಕತ್ತಿದ್ಳು, ನನಗೊಂದ ಮಾತ ಹೇಳಲಿಲ್ಲಲ್ಲ ಅಂತ. ನಾ ಯಾವಾಗ ಒಪ್ಪೇನ್ರಿ?"

ಹೋದ ವಾರ ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಮದುವೆಯಾಗುತ್ತೀಯಾ ಎಂದು ಅವನು ಕೇಳಿದ್ದು ಹೌದು. ಅವಳು ತಲೆ ತಗ್ಗಿಸಿ ಬಳೆ ತಿರುವುತ್ತ ನಿಂತಿದ್ದಳು. ಮಾತು ಹುಡುಕುವಷ್ಟರಲ್ಲಿ ಇಂಡಿ ಬಸ್ಸು ಬಂತು.

"ನೀ ಸುಮ್ಮನಿದ್ದಿ... ಹೂಂ ಅಂದಂಗ ಅಂತ..."

"ನನ್ನ ಸುಮ್ಮನಿರೂದರಾಗೂ ಪ್ಲಾಸ್ಟರ್ ತುಂಬಿದಿರಿ!" ಅವಳ ಧ್ವನಿ ಒಡೆಯಿತು. ಅಳು ಬಂದದ್ದಕ್ಕೂ ಅವಳಿಗೆ ಸಿಟ್ಟು. ಅವಳಿಗೆ ಅವನು ಬೇಡವಾಗಿರಲಿಲ್ಲ, ಅದೇ ಸಂಕಟ. ಬಾಳಿನಲ್ಲಿ ಒಂದೇ ಸಲ ಹೇಳುವ ಮಾತನ್ನು ತನ್ನ ಬಾಯಿಂದಲೇ ಹೇಳಬೇಕೆಂದಿದ್ದಳು. ಅದನ್ನು ಅವನು ತಾನೇ ಹೇಳಿ, ಊರಿಗೆಲ್ಲ ಸಕ್ಕರೆ ತಿನ್ನಿಸಿದ್ದ. "ಎರಡೂ ತಗೀರಿ. ಇಲ್ಲಂದ್ರ ಈ ಬಟ್ಟಲಿನ ಚಿತ್ರ ನಾ ಬರೆಯೂದಿಲ್ಲ. ನಿಮ್ಮ ಮನಿ ಹೊಸ್ತಿಲಾನೂ ತುಳಿಯೂದಿಲ್ಲ."

ಸಂಜೀವ ಬಟ್ಟಲನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡ. ಆಮೇಲೆ ಫೋನ್ ತೆಗೆದು, ಸ್ಪೀಕರ್ ಹಾಕಿ, ಅವಳ ಮುಂದೆ ಇಟ್ಟ.

"ಅವ್ವಾ, ಹಲಸಂಗಿಗೆ ಫೋನ್ ಮಾಡು. ಪಲ್ಲವಿ ಹೂಂ ಅಂದಿಲ್ಲ. ಅಂದಾಳ ಅಂತ ನಾ ಸುಳ್ಳ ಹೇಳಿದೆ."

"ಸಕ್ರಿ ಹಂಚಿ ಆಗೈತಲ್ಲೊ ಮೂಳಾ! ನಾ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ತಪ್ಪು ಮಗಂದು ಅಂತ ಹೇಳು. ನಾ ನಾಳೆ ಬಂದು ಅವರ ಕಾಲ ಹಿಡೀತೇನಿ."

ಅತ್ತ ಇಂದುಬಾಯಿ ಇನ್ನೂ ಬಯ್ಯುತ್ತಿದ್ದಂತೆಯೇ ಅವನು ಹತ್ತಿಯನ್ನು ನೀರಿನಲ್ಲಿ ಅದ್ದಿ ಪ್ಲಾಸ್ಟರ್ ಮೇಲೆ ಇಟ್ಟ. ಸುತ್ತಲಿನ ಹಳೆಯ ಕಪ್ಪು ಬಣ್ಣಕ್ಕೆ ಒಂದು ಹನಿ ಹೆಚ್ಚಿಗೆ ತಾಗಿದರೂ ಚಿಗರಿ ಕರಗುತ್ತದೆ. ಪಲ್ಲವಿ ಸಹಾಯಕ್ಕೆ ಹೋಗಲಿಲ್ಲ. ಎದುರು ಕೂತು, ಅವನು ಬಿದಿರು ಕಡ್ಡಿಯಿಂದ ಮೆತ್ತಗಾದ ಪ್ಲಾಸ್ಟರ್ ಕೆರೆದು ತೆಗೆಯುವುದನ್ನು ನೋಡಿದಳು. ಕಿವಿಯ ಪಕ್ಕ ಅವನಿಗೆ ಬೆವರು ಇಳಿಯುತ್ತಿತ್ತು. ಒರೆಸಬೇಕೆನಿಸಿತು, ಒರೆಸಲಿಲ್ಲ.

ಅಗೆತದ ಮುಖ್ಯಸ್ಥ ಖಂಡೆಪ್ಪ ಸರ್ ಒಳಬಂದು ಗಾಬರಿಯಾದರು. "ಏನೋ ಇದು? ಗಾಡಿ ಇಂಡಿ ದಾಟೈತಿ!"

"ತೂತು ಬಟ್ಟಲಿನದ ಐತಿ, ಸರ್, ಆಗಿನವರು ಬೇಕಂತ ಹೊಡದದ್ದು. ಮುಚ್ಚಿದ್ದು ನನ್ನ ತಪ್ಪು. ಹಂಗ ಅಂತ ಬರದು ಕಳಸ್ರಿ," ಎಂದ ಸಂಜೀವ ತಲೆ ಎತ್ತದೆ. ಸರ್ ಒಮ್ಮೆ ಪಲ್ಲವಿಯ ಮುಖ ನೋಡಿ ಹೊರಗೆ ಹೋದರು.

ಕೊನೆಯ ಪ್ಲಾಸ್ಟರ್ ತುಣುಕು ಮೇಜಿನ ಮೇಲೆ ಬಿತ್ತು. ಚಿಗರಿಗಳು ಮತ್ತೆ ದೂರ ನಿಂತವು. ಹಳೆಯ ಗೆರೆ ಒಂದೂ ಅಳಿದಿರಲಿಲ್ಲ.

ಪಲ್ಲವಿ ಬಟ್ಟಲಿನಿಂದ ಕಣ್ಣು ಕೀಳದೆ ಹೇಳಿದಳು: "ಈಗ ಕೇಳು."

'ಕೇಳ್ರಿ' ಅನ್ನಲಿಲ್ಲ ಎಂಬುದು ಅವನಿಗೆ ತುಸು ತಡವಾಗಿ ಹೊಳೆಯಿತು.

"ಪಲ್ಲವಿ, ನನ್ನ ಮದಿವಿ ಆಗ್ತಿ ಏನು? ಒಲ್ಲೆ ಅಂದ್ರೂ ನಾ ಏನೂ... ನಿನಗ ಸಿಟ್ಟು ಇದ್ದ ಇರ್ತೈತಿ, ಅದಕ್ಕ ನೀ..."

"ಸಂಜೀವಾ!"

ಅವನು ಗಪ್ಪಾದ.

ಹಿತ್ತಲಲ್ಲಿ ಯಾಸೀನನ ಬಕೆಟ್ ಸದ್ದು. ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು. ಒಂದೂ ಮಾತು ಹೊರಬೀಳದಂತೆ ಅವನು ತುಟಿ ಕಚ್ಚಿ ಹಿಡಿದಿದ್ದ. ಆ ಒದ್ದಾಟ ನೋಡಿ ಅವಳಿಗೆ ಮುಂಜಾನೆಯಿಂದ ಮೊದಲ ಸಲ ನಗು ಬಂತು. ಅದನ್ನೂ ತೋರಿಸದೆ ಪೆನ್ಸಿಲ್ ಚೂಪು ಮಾಡಿಕೊಂಡಳು. ಹಾಳೆಯ ಮೇಲೆ ಒಂದು ಚಿಗರಿ ಬರೆದಳು. ತೂತಿನ ಅಂಚು ಬರೆದಳು. ಇನ್ನೊಂದು ಚಿಗರಿ ಬರೆದಳು. ಅವನು ಕಾದ.

"ಹೂಂ," ಎಂದಳು ಪಲ್ಲವಿ. "ಈಗ ಅಂದೆ ನೋಡು."